ಸೀಮೆಸುಣ್ಣದ ಗೆರೆ

ಅಂಗುಸ್ತಾನ ಬೆರಳಿಗೆ ಸಿಕ್ಕಿಕೊಂಡಿತು ನಿನ್ನೆ.
ಸೋಪು ಹಚ್ಚಿದೆ, ಎಣ್ಣೆ ಹಚ್ಚಿದೆ. ಕೊನೆಗೆ
ಪಕ್ಕದ ಗಡಿಯಾರ ರಿಪೇರಿಯ ಹಂಸಾಕ
ಸಣ್ಣ ಗರಗಸ ತಂದು ಕೊಯ್ದ.
ನಲವತ್ತು ವರ್ಷದ ಹಿತ್ತಾಳೆ, ನಮ್ಮುಪ್ಪನದು.

ಬೆಳಗ್ಗೆ ಅಂಗಡಿಯ ಹಲಗೆ ತೆಗೆದ ಮೇಲೂ ಮುಕ್ಕಾಲು ಗಂಟೆ
ಬೆರಳು ನನ್ನವಲ್ಲ.
ಯಾರೋ ಹತ್ತು ಜನ ಬಾಡಿಗೆದಾರರು,
ಬಿಸಿ ಲೋಟ ಹಿಡಿದರೆ ಒಬ್ಬೊಬ್ಬರೇ
ಗೊಣಗುತ್ತ ಏಳುತ್ತಾರೆ.

ಮಡಿಕೇರಿಯಲ್ಲಿ ಡಾಕ್ಟರ್ ಬೊಳ್ಳಮ್ಮ
ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಹೇಳಿದರು:
"ಆನೆ ಬಂತು ಅಂತ ಒಬ್ಬ ಕೂಗಿದರೆ
ತೋಟದವರೆಲ್ಲ ಓಡಿ ಬರ್ತಾರಲ್ಲ ನಬೀಸಾ,
ತಮಟೆ, ಪಟಾಕಿ, ಟಾರ್ಚು.
ನಿನ್ನ ಗೆಣ್ಣುಗಳಲ್ಲಿ ಆನೆ ಹೋಗಿ ಆರು ವರ್ಷವಾಯ್ತು,
ಬಂದೇ ಇರಲಿಲ್ಲವೋ ಏನೋ.
ಕೂಗು ನಿಂತಿಲ್ಲ.
ಗಿಡ ತುಳಿದದ್ದು ಆನೆಯಲ್ಲ,
ಓಡಿಸಲು ಬಂದವರು."

ಈಗಿನ ಮಾತ್ರೆ, ಈಗಿನ ಸೂಜಿ
ದಾರಿಯಲ್ಲಿ ಕಾದು ನಿಂತು ಕೂಗನ್ನು ಹಿಡಿಯುತ್ತವೆ.
ಕೂಗುವವನ ಬಾಯಿ ಹಾಗೇ ಇರುತ್ತದೆ.

"ಉಪ್ಪನಿಂದ ಬಂತಾ?" ಕೇಳಿದೆ.
ಕಡೆಗಾಲದಲ್ಲಿ ಉಪ್ಪನ ಕೈ
ಆಗಷ್ಟೇ ಕಿತ್ತ ಶುಂಠಿಯ ಹಾಗಿತ್ತು.

ಅವರು ನನ್ನ ಚೀಲಕ್ಕೇ ಕೈ ಹಾಕಿ ಬಾಬಿನ್ ತೆಗೆದರು.
ಕಣ್ಣಿಗೆ ಕಾಣದ ಒಂದೊಂದು ಕೋಶದೊಳಗೂ
ಮಾರುದ್ದದ ನೂಲಂತೆ,
ಸಾವಿರ ಸಾವಿರ ಬಾಬಿನ್‌ಗೆ ಸುತ್ತಿದೆಯಂತೆ.
ಬಿಗಿದ ಕಡೆ ಓದಲು ಬರುವುದಿಲ್ಲ,
ಸಡಿಲಾದ ಕಡೆ ಹಗಲೂ ರಾತ್ರಿ ಅದನ್ನೇ ಓದುತ್ತದೆ.
"ಮೇಲೆ ಗುರುತುಗಳೂ ಇವೆ,
ನೀನು ಹಾಕುವ ಸೀಮೆಸುಣ್ಣದ ಹಾಗೆ.
ಬಟ್ಟೆ ಉಪ್ಪನದು.
ಗೆರೆಗಳಲ್ಲಿ ಕೆಲವು ನಿನ್ನ ಬದುಕು ಎಳೆದದ್ದು,
ಕೆಲವು ಒರೆಸಿ ಹೋದದ್ದು."

ನೂಲು ಕೆಟ್ಟಿಲ್ಲ.
ಈ ಮಾತನ್ನು ಮೂರ್ನಾಡಿನವರೆಗೂ ಬಸ್ಸಿನಲ್ಲಿ
ಲವಂಗದ ಹಾಗೆ ದವಡೆಗೆ ಒತ್ತಿಕೊಂಡಿದ್ದೆ.

ಕಪ್ಪು ಕುಪ್ಯ ಎಷ್ಟೋ ಹೊಲಿದಿದ್ದೇನೆ.
ಬಿಳಿ ಕುಪ್ಯ ಮಾತ್ರ ಬೇರೆ:
ಮದುವಣಿಗನಿಗೆ, ಇಲ್ಲಾ ಹೆಣಕ್ಕೆ.
ಥಾನು ಅದೇ, ಕತ್ತರಿ ಅದೇ,
ಗುಂಡಿಯಿಲ್ಲದ ಅದೇ ಮುಂಭಾಗ.
ಅಂಗಡಿ ಇಳಿದ ಮೇಲೆ
ಯಾವ ಮನೆ ಅದನ್ನು ಹೇಗೆ ಓದುತ್ತದೋ.

ಗುರುತನ್ನೇ ತಿದ್ದುವ ಮದ್ದು ಹುಡುಕುತ್ತಿದ್ದಾರಂತೆ.
ಸಡಿಲಾದ ಸುತ್ತು ಬಿಗಿಸುವುದು,
ಇಲ್ಲವೇ ಗೆರೆ ಓದುವವನ ಕಣ್ಣು ಕಟ್ಟುವುದು,
ಕೂಗುವವನಿಗೆ ಆ ಪದವೇ ಮರೆಯುವ ಹಾಗೆ.
ಇಲಿಗಳ ಪಾದದಲ್ಲಿ ಊತ ಇಳಿದಿದೆಯಂತೆ.
"ಒಂದು ಗೆರೆ ಅಳಿಸಲು ಹೋಗಿ
ತೋಳಿನ ಗೆರೆ ಅಳಿಸಿದರೆ?" ಅಂದೆ.
ಎಷ್ಟು ಕುಪ್ಯ ಹಾಳುಮಾಡಿ ಕಲಿತವಳು ನಾನು.
ಬೊಳ್ಳಮ್ಮ ಕನ್ನಡಕ ತೆಗೆದು ಒರೆಸಿದರು.
"ನಮ್ಮ ಭಯವೂ ಅದೇ."

ಅಲ್ಲಿಯವರೆಗೆ ಭಾನುವಾರದ ಹಳದಿ ಮಾತ್ರೆ,
ಸೋಮವಾರ ಪೂರ್ತಿ ಬಾಯಲ್ಲಿ ನಾಣ್ಯದ ರುಚಿ.
ಹೊಸ ಅಂಗುಸ್ತಾನ ಪ್ಲಾಸ್ಟಿಕ್ಕಿನದು, ನೀಲಿ,
ಒಂದು ಸೈಜು ದೊಡ್ಡದು.

ಸಂಜೆ ಒಬ್ಬಾತ ಜೀಪು ನಿಲ್ಲಿಸಿ ಬಂದ.
ಬಿಳಿಯದು ಬೇಕು, ಬೇಗ ಬೇಕು ಅಂದ.
ಮುಖದಲ್ಲಿ ಏನೂ ಬರೆದಿರಲಿಲ್ಲ.
ಯಾರಿಗೆಂದು ಅವನು ಹೇಳಲಿಲ್ಲ,
ನಾನು ಕೇಳಲಿಲ್ಲ.
ಭುಜ ಹದಿನೆಂಟು, ಉದ್ದ ನಲವತ್ತೆರಡು.
ಸೀಮೆಸುಣ್ಣ ಎರಡು ಸಲ ಜಾರಿತು.
ಮೂರನೆಯ ಸಲ ಹಿಡಿದೆ.