ಐದೂವರೆ ಮಿಲಿಮೀಟರ್

ಹವಲ್ಲಿಯ ಇಬ್ನ್ ಖಲ್ದೂನ್ ಬೀದಿಯಲ್ಲಿ
ಕಂಪ್ಯೂಟರ್ ಅಂಗಡಿಗಳು ಶಟರ್ ಎಳೆದ ಮೇಲೆ
ಗುರುವಾರ ರಾತ್ರಿ ಹನ್ನೊಂದಕ್ಕೆ
ನಮ್ಮ ನ್ಯಾಯಸಭೆ ಕೂಡುತ್ತದೆ.
ಚಹಾದಂಗಡಿಯ ಹೊರಗೆ, ಏಸಿಯ ಬಿಸಿಯುಸಿರು ಬೆನ್ನಿಗೆ ತಾಗುವಲ್ಲಿ
ಮೂರು ಪ್ಲಾಸ್ಟಿಕ್ ಕುರ್ಚಿ, ಒಂದು ಮಗುಚಿದ ಕ್ರೇಟು.
ಕ್ರೇಟು ನನಗೆ. ಕಿರಿಯವನೆಂದಲ್ಲ;
ಆಸ್ಪತ್ರೆ ಲಾಂಡ್ರಿಯ ಲೆಕ್ಕ ಮುಗಿಸಿ ತಡವಾಗಿ ಬರುವವನು.

ಈ ವಾರದ ಆರೋಪಿ ಹೊಸ ಫೋನು.
ದಪ್ಪ ಐದೂವರೆ ಮಿಲಿಮೀಟರ್.
ಯಾರೂ ಇನ್ನೂ ಮುಟ್ಟಿಲ್ಲ,
ಎಲ್ಲರಿಗೂ ಅದರ ಕರುಳಿನ ಬಣ್ಣ ಗೊತ್ತು.

‘ನೀರ್ದೋಸೆ ತೆಳ್ಳಗಿದ್ದರೆ ಚಂದ ಮಾರಾಯ,
ಬ್ಯಾಟರಿ ತೆಳ್ಳಗಾದರೆ ಮಧ್ಯಾಹ್ನಕ್ಕೇ ಹಸಿವು.’
ಇದು ವಲೇರಿಯನ್. ಹಗಲೆಲ್ಲ ಲಿಫ್ಟು ರಿಪೇರಿ,
ತೆರೆಯಲಾಗದ್ದರ ಮೇಲೆ ಹುಟ್ಟಾ ಸಿಟ್ಟು.

ತುಫೈಲ್ ಒಪ್ಪುವುದಿಲ್ಲ.
ಒಪ್ಪಿದ ದಿನ ಅವನಿಗೆ ಜ್ವರವೆಂದು ತಿಳಿಯಬೇಕು.
‘ಚಿಪ್ಪು ನೋಡಿದೆಯಾ? ಅದು ಕರೆಂಟು ಕುಡಿಯುವುದಿಲ್ಲ,
ಮೂಸಿ ನೋಡುತ್ತದೆ ಅಷ್ಟೆ.’

ಕರ್ಕೇರರ ದುಃಖ ಬೇರೆ. ರ‍್ಯಾಮಿನ ಬೆಲೆ.
‘ಎಲ್ಲೋ ಒಂದು ಗೋದಾಮಿನಲ್ಲಿ ಮಾತಾಡುವ ಯಂತ್ರ
ಲೋಕದ ನೆನಪನ್ನೆಲ್ಲ ಸಗಟಿಗೆ ಕೊಳ್ಳುತ್ತಿದೆ,
ನಮಗೆ ಚಿಲ್ಲರೆಗೂ ಇಲ್ಲ.’
ಹದಿನಾರು ಜೀಬಿಯ ಎರಡು ಪಟ್ಟಿಗಳನ್ನು ಅವರು
ಪಾಸ್‌ಪೋರ್ಟಿನ ಜೊತೆ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ.
ಹೆಂಡತಿಯ ಬಳೆ ಅದರ ಕೆಳಗಿನ ಅರೆಯಲ್ಲಿ.

‘ಈಗ ಎಲ್ಲವನ್ನೂ ಬೋರ್ಡಿಗೇ ಬೆಸೆದು ಕೊಡುತ್ತಾರೆ. ಒಂದು ಸ್ಕ್ರೂ ಇಲ್ಲ.’
‘ಬಿಚ್ಚುವವರು ಎಷ್ಟು ಜನ? ನಾವು ನಾಲ್ವರು.’
‘ನಾಲ್ವರು ಸಾಲದಾ?’
ಮೇಜಿಗೆ ಬಿದ್ದ ಗುದ್ದಿಗೆ ನನ್ನ ಚಹಾ ಸಾಸರಿಗೆ ಹಾರಿತು.

ಅಷ್ಟರಲ್ಲಿ ಬೈಕು ನಿಲ್ಲಿಸಿ ಬಂದ ಲಿಂಬು.
ಅದು ಅವನ ಕುಲದ ಹೆಸರು, ನೇಪಾಳದ ಮೂಡಣ ಬೆಟ್ಟದ್ದು.
ಅಂಗಡಿಯವನಿಗೆ ಇದನ್ನು ವಿವರಿಸಿ ಸೋತಾಗಿದೆ;
ಹೆಸರು ಹೇಳಿದಾಗಲೆಲ್ಲ ಲಿಂಬೆ ಚಹಾ ಬರುತ್ತದೆ,
ಹಾಲಿನ ಆಸೆ ನುಂಗಿ ಅವನು ಕುಡಿಯುತ್ತಾನೆ.

ಹ್ಯಾಂಡಲಿಗೆ ಕಟ್ಟಿದ ಅವನ ಫೋನಿಗೆ ಎರಡು ರಬ್ಬರ್ ಬ್ಯಾಂಡು.
ಮಧ್ಯಾಹ್ನ ಒಂದಾದರೆ ಪರದೆ ಕಪ್ಪಾಗುತ್ತದಂತೆ:
ತಣ್ಣಗಾಗುವವರೆಗೆ ಕಾಯಿರಿ.
ದಾರಿ ಮಾಯ, ಮನೆ ನಂಬರ್ ಮಾಯ,
ಬೆನ್ನ ಹಿಂದಿನ ಪೆಟ್ಟಿಗೆಯಲ್ಲಿ ಯಾರದೋ ಬಿರಿಯಾನಿ.
ಕಾಯುವುದೆಂದರೆ ದುಡ್ಡು ಕಟ್.
‘ಭಾಯಿ, ಹೊಸದು ಐವತ್ತು ಡಿಗ್ರಿ ತಡೆಯುತ್ತದಾ?’

ನಾಲ್ಕು ಬಾಯಿ ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚಿದವು.
ತುಫೈಲ್ ಬೆರಳಾಡಿಸಿ ಸಣ್ಣಕ್ಷರ ಹುಡುಕಿದ:
ಮೂವತ್ತೈದರವರೆಗೆ ಬಳಸಬಹುದು.
ಆಗ ರಾತ್ರಿ ಹನ್ನೊಂದೂಮುಕ್ಕಾಲು,
ಎದುರಿನ ಫಾರ್ಮಸಿಯ ಕೆಂಪು ಅಂಕಿ ಮೂವತ್ತೊಂಬತ್ತು.
ಮೇಜಿನ ಮೇಲಿನ ನಮ್ಮ ಫೋನುಗಳೆಲ್ಲ
ಆ ಗಳಿಗೆಯಲ್ಲಿ ಕಾನೂನುಬಾಹಿರ.

ಹಾಗೆಂದು ಬಿಡುವ ಜನವೇ ನಾವು?
ಹಳೆಯ ಗ್ರಾಫಿಕ್ಸ್ ಕಾರ್ಡಿನ ಹೀಟ್‌ಸಿಂಕ್ ಕೊಯ್ದು
ಬೆನ್ನಿಗೆ ಅಂಟಿಸೋಣ ಎಂದರು ಕರ್ಕೇರ.
ತಾಮ್ರವೋ ಅಲ್ಯೂಮಿನಿಯಮ್ಮೋ ಎಂಬಲ್ಲಿ
ವಲೇರಿಯನ್ ಕುರ್ಚಿಯಿಂದೆದ್ದ.
ಟಿಣ್ ಎಂದಿತು ಲಿಂಬುವಿನ ಫೋನು; ಸಾಲ್ಮಿಯಾಕ್ಕೆ ಎರಡು ಶವರ್ಮ.
ಅವನು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ.
ಒಂದು ಗಂಟೆಗೆ ತಾಮ್ರ ಗೆದ್ದಿತು,
ತುಫೈಲ್ ಒಪ್ಪಲಿಲ್ಲ.

ಮುಂದಿನ ಗುರುವಾರ ಅವನೇ ಬಂದ.
ಹ್ಯಾಂಡಲಿನ ಮೇಲೆ ಬಿರಿಯಾನಿ ಟ್ರೇಯ ಮುಚ್ಚಳ
ಮಡಿಸಿ ಮಾಡಿದ ಸಣ್ಣ ಸೂರು.
ಹೊಳೆಯುವ ಮೈ ಸೂರ್ಯನ ಕಡೆಗೆ,
ಕೆಳಗೆ ಗಾಳಿಯಾಡಲು ಒಂದು ಹೆಬ್ಬೆರಳಿನಷ್ಟು ಜಾಗ.
‘ಆರು ದಿನ. ಒಮ್ಮೆಯೂ ಆರಿಲ್ಲ.’

ನಾವು ನಾಲ್ವರೂ ಕುರ್ಚಿ ಬಿಟ್ಟೆದ್ದು
ಬೈಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆವು.
ವಲೇರಿಯನ್ ಬಗ್ಗಿ ನೋಡಿದ, ಒಂದೂ ಸ್ಕ್ರೂ ಇಲ್ಲ, ಆದರೂ ಬಿಚ್ಚಬಹುದು.
ಕರ್ಕೇರ ಏನೂ ಹೇಳಲಿಲ್ಲ.
ತುಫೈಲ್ ಮುಚ್ಚಳದ ಅಂಚನ್ನು ಉಗುರಿನಿಂದ ತಟ್ಟಿ ಕೇಳಿದ:
‘ಎಷ್ಟು ಮಿಲಿಮೀಟರ್?’

ಲಿಂಬು ನಕ್ಕ.
ಒಳಗಿನಿಂದ ಲಿಂಬೆ ಚಹಾ ಬಂತು.