ಜನವರಿ ಒಂದು, ಎಂಬತ್ತು

ಕೆಳಗೆ ರಾಯಚೂರು ಗಂಜಿನಲ್ಲಿ ಹತ್ತಿ ತುಂಬಿದ ಲಾರಿ
ಕಾಟಾ ಏರಿ ನರಳುತ್ತದೆ.
ಮೇಲೆ, ಅರಳೆಯ ಎಳೆ ಹಾರಿ ಬಂದು ಕೂರುವ ಕೀಬೋರ್ಡಿನ ಮುಂದೆ
ನಾನು ನಾಲ್ಕನೇ ಸಲ ಟೂಲ್ ಓಡಿಸುತ್ತೇನೆ,
ಹಳೇ ರೆಪಾಸಿಟರಿಯನ್ನು ಹೊಸದಕ್ಕೆ ಸಾಗಿಸುವ ಟೂಲ್.
ನಾಲ್ಕನೇ ಸಲವೂ ಅದು ಅಲ್ಲೇ ಮುಗ್ಗರಿಸುತ್ತದೆ:
ತೂಕದ ಫೈಲು, ಒಂದು ಬಿಂದು ಹದಿನೈದು.
ಮಗು ತಾಯಿಗಿಂತ ಮುಂಚೆ ಹುಟ್ಟಿದೆ, ಒಲ್ಲೆ.

ಹದಿನಾಲ್ಕರ ತಾರೀಖು ಎರಡು ಸಾವಿರದೆರಡರ ಮೇ.
ಹದಿನೈದರದ್ದು ಜನವರಿ ಒಂದು, ಎಂಬತ್ತು.
ಆಗ ನಾನಿರಲಿಲ್ಲ, ಈ ಮಹಡಿ ಇರಲಿಲ್ಲ,
ಕಾಟಾಕ್ಕೆ ಕಂಪ್ಯೂಟರ್ ಕೂಡಿಸುವ ಮಾತು
ಯಾರ ಬಾಯಲ್ಲೂ ಇರಲಿಲ್ಲ.
ಬರೆದವರು: ರಜಾಕ್. ಷರಾ:
vÀÆPÀ ¸Àj¥Àr¹zÉ
ವೈರಸ್ಸೇ ಇರಬೇಕು ಅಂದುಕೊಂಡಿದ್ದೆ.
ಹಳೇ ಫಾಂಟು ಹುಡುಕಿ ತೊಡಿಸಿದರೆ, ಕನ್ನಡ:
ತೂಕ ಸರಿಪಡಿಸಿದೆ.

ನನಗಿಂತ ಮೊದಲು ಈ ಟೂಲ್ ಮುಟ್ಟಿದ ಪುಣ್ಯಾತ್ಮ
ಇದಕ್ಕೊಂದು ಮದ್ದು ಅರೆದಿಟ್ಟಿದ್ದಾನೆ.
ಬರೆದವನು ಒಬ್ಬನೇ, ಷರಾ ಒಂದೇ,
ದಿನವೂ ಒಂದೇ, ಹೆಚ್ಚೆಂದರೆ ಐದು ನಿಮಿಷದ ಅಂತರ:
ಹಾಗಾದರೆ ಎಲ್ಲ ಒಂದೇ ಕೆಲಸ, ಗಂಟು ಕಟ್ಟು.
ಆ ಸ್ವಿಚ್ಚು ಹಾಕಿದರೆ ಪರದೆ ಪೂರ್ತಿ ಹಸಿರು,
ದೋಷ ಸೊನ್ನೆ.
ಎಣಿಸಿದೆ. ನಲವತ್ತೊಂದು ತಿದ್ದುಪಡಿಗಳು
ಒಂದಾಗಿ ಕೂತಿದ್ದವು.

ತೀನ್ ಕಂದೀಲಿನ ಹಿಂದಿನ ಓಣಿಯಲ್ಲಿ
ರಜಾಕ್‌ಸಾಬರು ಈಗ ಮೋಟರಿಗೆ ತಂತಿ ಸುತ್ತುತ್ತಾರೆ.
ನಾನು ಹೇಳುವುದು ಕೇಳುತ್ತಲೇ ತುಟಿಯಲ್ಲಿ ಸುತ್ತು ಎಣಿಸುತ್ತಿದ್ದರು.
"ಸೆಲ್ಲು ಸತ್ತಿತ್ತವ್ವ, ಒಳಗಿನ ಗುಂಡಿ ಸೆಲ್ಲು.
ಕರೆಂಟು ಹೋಗಿ ಬಂತಂದ್ರ ಅದಕ್ಕ ಮತ್ತ ಎಂಬತ್ತನೇ ಇಸವಿ.
ಮೂವತ್ತು ರೂಪಾಯಿದು, ತರಸ್ರೀ ಅಂದ್ರ
ಸಾವ್ಕಾರ ನಾಳಿ ಅಂದ. ಎರಡು ವರ್ಷ ನಾಳಿ ಅಂದ.
ದಿನಾ ಮುಂಜಾನಿ ನನಗ ಹೊಸಾ ವರ್ಷ."

"ಷರಾ ಯಾಕ ಎಲ್ಲಾ ಒಂದೇ?"
"ಕೆಲಸ ಒಂದೇ ಇತ್ತಲ್ಲ. ಕ್ವಿಂಟಲಿಗೆ ಎರಡು ಕಿಲೋ
ಮುರಕೊಳ್ಳೋ ಸಾಲು ಅವರು ಹಾಕ್ತಿದ್ರು. ನಾ ತಗೀತಿದ್ದೆ."
"ನಲವತ್ತೊಂದು ಸಲ?"
"ನಾ ಎಣಿಸಿಲ್ಲ."
ಸುತ್ತಿನ ಲೆಕ್ಕ ತಪ್ಪಿತ್ತು.
ತಂತಿ ಬಿಚ್ಚಿ ಮೊದಲಿನಿಂದ ಶುರು ಮಾಡಿದರು.

ವಾಪಸು ಬಂದು ಮೊದಲು ಟೆಸ್ಟ್ ಬರೆದೆ, ಸೋಲಲೆಂದೇ.
ಮೂರೇ ಫೈಲಿನ ಸುಳ್ಳು ರೆಪಾಸಿಟರಿ,
ಒಳಗೆ ಬೇಕೆಂದೇ ಸಾಯಿಸಿದ ಗಡಿಯಾರ.
ಕೆಂಪು ಬಂತು. ಜೀವಕ್ಕೆ ಸಮಾಧಾನವಾಯಿತು.
ಆಮೇಲೆ ಟೂಲಿಗೆ ಹೇಳಿಕೊಟ್ಟೆ: ತಾರೀಖು ಕೇಳಬೇಡ,
ನಂಬರು ಕೇಳು; ಹದಿನಾಲ್ಕರ ಹೆಗಲ ಮೇಲೆ ಹದಿನೈದು,
ಅದರ ಹೆಗಲ ಮೇಲೆ ಹದಿನಾರು, ಹತ್ತಿಸುತ್ತ ಹೋಗು.
ಎಂಬತ್ತು ಎಂಬತ್ತೇ ಇರಲಿ. ನಾನದನ್ನು ತಿದ್ದಲಿಲ್ಲ.

ಗಂಟು ಬಿಚ್ಚಿತು.
ನಲವತ್ತೊಂದು ಜನವರಿ ಒಂದುಗಳು ಸಾಲಾಗಿ ಇಳಿದವು,
ನಡುನಡುವೆ ಆಫೀಸ್ ಎಂಬ ಹೆಸರಿನವರು ಯಾರೋ:
ಹಾಕು, ತೆಗೆ, ಹಾಕು, ತೆಗೆ.
ಅಳಿಸಿದ ಫೈಲುಗಳಿಗೆ ಆ ಹಳೇ ಪದ್ಧತಿಯಲ್ಲೊಂದು ಅಟ್ಟವಿದೆ.
ಅಲ್ಲಿ ಇನ್ನೂ ಏಳು ಕೂತಿವೆ, ಇಳಿಯಲೊಲ್ಲವು.
ನಾಳೆ ನೋಡೋಣ, ಎಂದವಳು
ನಾಲಗೆ ಕಚ್ಚಿಕೊಂಡು ಮತ್ತೆ ಕೂತೆ.

ಎಲ್ಲಕ್ಕಿಂತ ಕೊನೆಯ ತಿದ್ದುಪಡಿ ಆಫೀಸಿನದು.
ಷರಾ ಇಲ್ಲ. ತಾರೀಖು ಸರಿಯಾಗಿದೆ.
ಅಷ್ಟು ಹೊತ್ತಿಗೆ ಸೆಲ್ಲು ಬಂದಿತ್ತೆಂದು ಕಾಣುತ್ತದೆ.

ಕೆಳಗೆ ಕಾಟಾದವನು ಕೂಗುತ್ತಾನೆ:
ಮೂವತ್ತೊಂದು ಕ್ವಿಂಟಲ್, ಮೂವತ್ತಾರು ಕಿಲೋ.
ನಾನು ಬೆರಳು ಮಡಚುತ್ತ
ಮೂವತ್ತೆರಡರಿಂದ ಕಳೆಯುತ್ತೇನೆ.