ಗಾಳಿ ನೋಡುವ ಬೆರಳು

ಇಲ್ಲಿ ಮೊದಲು ಕುರಿಗಳಿದ್ದವು.
ಆಮೇಲೆ ವಿಮಾನ ಬಂತು; ಕುರಿಗಳೂ ಉಳಿದವು.
ಹುಲ್ಲು ಮೇಯಲು ಇನ್ಯಾರಿದ್ದರು?

ವಿಮಾನ ಮೈದಾನದ ಮೊತ್ತಮೊದಲ ನೌಕರ
ಹನ್ನೊಂದು ವರ್ಷದ ಆಂಬ್ರೋಸ್ ಕಟ್ಟಲ್.
ಇಂಜಿನ್ನು ಕೆಮ್ಮಿದ ಕೂಡಲೇ ಓಡಬೇಕು,
ತೋಳು ಬೀಸಿ ಬೀಸಿ
ಮಂದೆಯನ್ನು ಬೇಲಿಗೆ ಒತ್ತರಿಸಬೇಕು.
ದಿನಕ್ಕೆರಡು ಪೆನ್ನಿ. ಕುರಿ ಸತ್ತರೆ ಅದೂ ಇಲ್ಲ.

ನಾನು ಅವನ ಮರಿಮಗಳು.
ಇಪ್ಪತ್ತೊಂದು ಟನ್ನಿನ ಹಳದಿ ಯಂತ್ರದೊಳಗೆ ಕೂತು
ಥಾರ್ಲ್‌ಫೆನ್ನಿನ ಅದೇ ಹುಲ್ಲನ್ನು
ಚಾಪೆಯ ಹಾಗೆ ಸುತ್ತಿ ಎತ್ತಿಡುತ್ತಿದ್ದೇನೆ.
ಎಂಟುನೂರು ಮನೆ, ಒಂದು ಶಾಲೆ,
ಬಾತುಕೋಳಿಗೆಂದು ನಕ್ಷೆಯಲ್ಲೇ ಬರೆದ ಒಂದು ಕೆರೆ.

ಸೈಕಲ್ ಅಂಗಡಿಯ ಸೆಪ್ಟಿಮಸ್ ಗ್ಯಾಡ್
ಇಲ್ಲಿಂದಲೇ ಹಾರಿದ್ದು, ಹನ್ನೊಂದು ಸೆಕೆಂಡು.
ಹಾರಿದ್ದು ಎನ್ನುತ್ತದೆ ಅರ್ಧ ಊರು,
ಬರೀ ಕುಪ್ಪಳಿಸಿದ್ದು ಎನ್ನುತ್ತದೆ ಇನ್ನರ್ಧ.
ಇವತ್ತಿಗೂ ಎರಡು ಪಕ್ಷಕ್ಕೆ ಎರಡು ಪಬ್ಬು,
ಮದುವೆ ಸಂಬಂಧವೂ ಸ್ವಲ್ಪ ಯೋಚಿಸಿಯೇ.

ರೆಕ್ಕೆಯ ಲಿನನ್ ಹೊಲಿದವರು ಪ್ರಾರ್ಥನಾಮಂದಿರದ ಹೆಂಗಸರು.
ಅಂಗುಲಕ್ಕೆ ಎಂಟು ಹೊಲಿಗೆ, ಕೈತಪ್ಪಿದರೆ ಬಿಚ್ಚು.
ಮೇಲೆ ಬಳಿಯುವ ಮೆರುಗೆಣ್ಣೆಯ ನಂಜಿಗೆ ತಲೆ ತಿರುಗಿ
ಹೊರಗೋಡಿ ಹುಲ್ಲಿನ ಮೇಲೆ ಕಾರಿಕೊಂಡು
ಬಾಯೊರೆಸಿಕೊಂಡು ಮತ್ತೆ ಒಳಗೆ.
ಡಾರ್ಕಸ್ ಪಿಂಚ್‌ಬೆಕ್ ಒಬ್ಬಳ ಹೆಸರು ಉಳಿದಿದೆ,
ಅದೂ ಬಾಕಿ ಪಟ್ಟಿಯಲ್ಲಿ: ಎರಡು ರೀಲು ದಾರ.

ಇಂಜಿನ್ನು ಕುಡಿಯುತ್ತಿದ್ದುದು ಹರಳೆಣ್ಣೆ.
ಕುಡಿದದ್ದರಲ್ಲಿ ಅರ್ಧ
ಹಾರುವವನ ಮುಖಕ್ಕೇ ಉಗುಳುತ್ತಿತ್ತು.
ನುಂಗದೆ ಉಸಿರಾಡಲಾಗದು.
ಮುಗಿಲು ಮುಟ್ಟಿ ಬಂದ ಶೂರರು
ಇಳಿದೊಡನೆ ಓಡುತ್ತಿದ್ದುದು
ಹೂವಿನ ಗುಚ್ಛ ಹಿಡಿದವರ ಕಡೆಗಲ್ಲ,
ಬೇಲಿಯ ಹಿಂದಕ್ಕೆ.
ಸ್ಮಾರಕ ಫಲಕದಲ್ಲಿ ಇದನ್ನು ಕೆತ್ತಿಲ್ಲ.

ಎರಡನೆಯ ಯುದ್ಧ ಕಾಂಕ್ರೀಟು ತಂದಿತು.
ಕುರಿಗಳನ್ನು ಮಾರಿದರು.
ಯುದ್ಧ ಹೋಯಿತು; ಕಾಂಕ್ರೀಟಿನ ಮೇಲೆ
ಆಲೂಗಡ್ಡೆ ರಾಶಿ, ಭಾನುವಾರದ ಸಂತೆ,
ಕಾರು ಕಲಿಯುವವರ ಹೆದರಿದ ಬ್ರೇಕು.
ನಾನೂ ಕಲಿತದ್ದು ಇಲ್ಲೇ, ಅಪ್ಪ ಬೈಯುತ್ತ ಬೈಯುತ್ತ.

ಹೋದ ತಿಂಗಳು ಬಕೆಟ್ಟಿಗೆ ಕಪ್ಪು ಮಣ್ಣು ಸಿಕ್ಕಿತು.
ಇಳಿದು ಹೋಗಿ ಮೂಸಿದೆ.
ಹರಳೆಣ್ಣೆಯೇ, ಎಂದು ಎದೆ ಹಾರಿತು.
ಪ್ರಯೋಗಾಲಯದಿಂದ ಉತ್ತರ ಬಂತು:
ಡೀಸೆಲ್. ಈಚಿನದು. ತೆಗೆದು ಸಾಗಿಸಿ.

ಬೀದಿಗಳಿಗೆ ಹೆಸರಿಡುವ ಸಭೆಯಲ್ಲಿ
ಹದಿನಾರು ಬೀದಿ, ಹದಿನಾರೂ ಹಾರಿದವರಿಗೆ.
ಬೂಟಿನ ಕೆಸರು ಕುರ್ಚಿಯಡಿ ಮರೆಸಿಕೊಂಡು ಎದ್ದು ನಿಂತೆ:
ಒಂದು ಓಣಿಯಾದರೂ ಡಾರ್ಕಸ್‌ಗೆ,
ಇನ್ನೊಂದು ಕುರಿ ಓಡಿಸಿದ ಹುಡುಗನಿಗೆ ಕೊಡಿ.
ಅಧಿಕಾರಿ ನಗುನಗುತ್ತ ಬರೆದುಕೊಂಡ.
ಪಟ್ಟಿ ಬಂದಾಗ ಡಾರ್ಕಸ್ ಇರಲಿಲ್ಲ;
ಕೊನೆಯಲ್ಲೊಂದು 'ಕುರಿಗಾಹಿಯ ಹಾದಿ' ಇತ್ತು.
ಯಾವ ಕುರಿಗಾಹಿ? ಯಾರಾದರೂ ಆಗಬಹುದು.
ಮನೆ ಮಾರುವವರ ಜಾಹೀರಾತಿನಲ್ಲಿ
ಅದರ ಪಕ್ಕ ಬೆಳ್ಳನೆಯ ಮರಿ, ತೊಳೆದ ಮರಿ.

ಆಂಬ್ರೋಸ್ ತಾತನನ್ನು ನಾನು ಕಂಡದ್ದು ಒಂದೆರಡು ಸಲ.
ಕಿಟಕಿ ಬಳಿ ಕಂಬಳಿ ಹೊದ್ದು ಕೂತಿರುತ್ತಿದ್ದ.
ಬೆರಳಿಗೆ ಎಂಜಲು ಹಚ್ಚಿ ಎತ್ತಿ ಹಿಡಿ ಎನ್ನುತ್ತಿದ್ದ,
ತಣ್ಣಗಾದ ಕಡೆಯಿಂದ ಗಾಳಿ.
ವಿಮಾನದ ಸದ್ದಾದರೆ ನಾವೆಲ್ಲ ಮೇಲೆ ನೋಡುತ್ತಿದ್ದೆವು.
ಅವನೊಬ್ಬನೇ ನೆಲ ನೋಡುತ್ತಿದ್ದ,
ಎಡಕ್ಕೆ, ಬಲಕ್ಕೆ, ಬೇಲಿಯವರೆಗೆ,
ತುಟಿಯಲ್ಲೇ ಎಣಿಸಿಕೊಳ್ಳುತ್ತ.

ಇವತ್ತು ಐದು ಗಂಟೆಗೆ ಇಂಜಿನ್ನು ಆರಿಸಿದೆ.
ಏಳನೇ ನಂಬರಿನ ಅರೆಗೋಡೆಗೆ ಕಟ್ಟಿದ ಬಲೆ
ಗಾಳಿ ತುಂಬಿ, ಉಬ್ಬಿ, ಹಗ್ಗ ಜಗ್ಗಿತು,
ಇಟ್ಟಿಗೆಯನ್ನೂ ಎತ್ತಿಕೊಂಡು ಹೋಗುವ ಹಾಗೆ.
ಕೈಗವಸು ಕಳಚಿ ಬೆರಳು ಒದ್ದೆ ಮಾಡಿದೆ.
ಪಡುವಣ ಗಾಳಿ, ಸಾಕಷ್ಟಿದೆ.
ಬಹಳ ಮೇಲೆ ಯಾವುದೋ ವಿಮಾನ
ಎಲ್ಲಿಂದಲೋ ಎಲ್ಲಿಗೋ, ಇಲ್ಲಿಗಲ್ಲ.

ನೆಲ ನೋಡಿದೆ.
ಎಡಕ್ಕೆ. ಬಲಕ್ಕೆ.
ಬೇಲಿಯವರೆಗೂ ಏನೂ ಅಡ್ಡವಿರಲಿಲ್ಲ.